ಸೋದರತ್ತೆಯ ಬಿತ್ತನೆಗೆಣಸು

ಪೌಲಿಯಾಸಿ ಕಲ್ಲುಬಂಡೆ ಎಂದು ನಮ್ಮೂರಿನವರು ತೀರ್ಮಾನ ಮಾಡಿದ್ದು ಅವನ ಅಪ್ಪ ಇಸಿಲೇಲಿಯ ಮಣ್ಣಿನ ದಿನ. ಇಪ್ಪತ್ತಮೂರು ವರ್ಷ ಆಸ್ಟ್ರೇಲಿಯಾದ ಯಾವುದೋ ಮಾಂಸದ ಕಾರ್ಖಾನೆಯಲ್ಲಿ, ಮಂಜುಗಡ್ಡೆ ಕೋಣೆಯೊಳಗೆ ದನದ ತೊಡೆ ನೇತುಹಾಕಿದವನು ಈ ಮಗ. ಬೆಳಗಿನ ದೋಣಿಯಲ್ಲಿ ಬಂದಿಳಿದ, ನೇರ ಮನೆಗೆ ಬಂದ, ಅಪ್ಪನ ಹಣೆಗೆ ಮುತ್ತಿಟ್ಟ. ಸುತ್ತ ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರೆ ಇವನು ಎದ್ದು ನಿಂತು, "ಎಷ್ಟು ಜನಕ್ಕೆ ಅಡುಗೆ ಆಗ್ಬೇಕು?" ಎಂದು ಕೇಳಿದ. ಮುಖದಲ್ಲಿ ಏನೂ ಇರಲಿಲ್ಲ. ದುಃಖವೂ ಇಲ್ಲ, ನಾಚಿಕೆಯೂ ಇಲ್ಲ.

ನಾನು ಹೆನೆಲಿ. ಇಸಿಲೇಲಿಯ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದು ಸಾಲು ತೆಂಗು ಅಷ್ಟೇ. ನಲವತ್ತು ವರ್ಷ ಆ ಮುದುಕನ ಬೈಗುಳ ಕೇಳಿಕೊಂಡೇ ಬೆಳೆ ತೆಗೆದವನು. ಪೌಲಿಯಾಸಿಯ ಬಗ್ಗೆ ಊರು ಹೇಳುವ ಕಥೆಯಲ್ಲಿ ನನ್ನ ಹೆಸರು ಬರುವುದಿಲ್ಲ. ಬರಬೇಕು. ಅವನ ಎರಡು ತಪ್ಪುಗಳಲ್ಲಿ ಎರಡರಲ್ಲೂ ನನಗೆ ಪಾಲಿದೆ.

ಮೊದಲನೆಯದು ಅದೇ ದಿನ ನಡೆಯಿತು. ಸಾವಿನ ಮನೆಯ ಹಿಂದೆ ನಾವು ಹತ್ತು ಗಂಡಸರು ನೆಲದೊಲೆಗೆ ಕಲ್ಲು ಕಾಯಿಸುತ್ತಿದ್ದೆವು. ಹಂದಿ ಕೊಯ್ದಾಗಿತ್ತು, ಮರಗೆಣಸು ಗುಡ್ಡೆ ಹಾಕಿತ್ತು. ಪೌಲಿಯಾಸಿ ಬಂದು ನೋಡಿದ.

"ಅಪ್ಪನ ಸಾವಿಗೆ ಬಂದೋರಿಗೆ ಮರಗೆಣಸಾ? ಹೆಗ್ಗೆಣಸು ಇಲ್ವಾ?"

"ಇದೆ, ಆ ಗುಡಿಸಲಲ್ಲಿ..." ಎಂದು ಯಾರೋ ಬಾಯಿ ಬಿಟ್ಟರು.

"ಹಾಗಾದ್ರೆ ಎಲ್ಲಾ ತನ್ನಿ. ಒಂದೂ ಉಳಿಸ್ಬೇಡಿ. ಇಸಿಲೇಲಿ ಮನೇಲಿ ಅರೆಹೊಟ್ಟೇಲಿ ಎದ್ದು ಹೋದ್ವಿ ಅಂತ ಯಾರೂ ಅನ್ಬಾರ್ದು."

ಆ ಗುಡಿಸಲಿನಲ್ಲಿ ಇದ್ದದ್ದು ತಿನ್ನುವ ಗೆಣಸಲ್ಲ. ಬಿತ್ತನೆಗೆ ಇಟ್ಟ ಕಹೊಕಹೊ. ನಮ್ಮ ಟೋಂಗಾದಲ್ಲಿ ಹೆಗ್ಗೆಣಸಿಗೆ ನೂರು ಜಾತಿ, ಅವುಗಳಿಗೆಲ್ಲ ರಾಜ ಕಹೊಕಹೊ. ಅದರಲ್ಲೂ ಇಸಿಲೇಲಿಯ ಮನೆತನದ್ದು ಬೇರೆಯೇ, ಗಂಡಸಿನ ಕಾಲಿನಷ್ಟು ಉದ್ದ, ಬೇಯಿಸಿದರೆ ಹಾಲಿನ ಬಿಳುಪು. ಅವನ ತಾತ ತಂದದ್ದು. ಇಡೀ ದ್ವೀಪದಲ್ಲಿ ಆ ಮನೆತನದ ಹೊರಗಿನವರ ಹೊಲದಲ್ಲಿ ಅದನ್ನು ನಾನು ಕಂಡಿಲ್ಲ. ಮುದುಕ ಕೊನೆಯ ಹತ್ತು ವರ್ಷ ಕೈಲಾಗದೆ ಜಮೀನನ್ನೆಲ್ಲ ಸೀಬೆ ಪೊದೆಗೂ ಲಂಟಾನಕ್ಕೂ ಬಿಟ್ಟುಕೊಟ್ಟಿದ್ದರೂ, ಆ ತಳಿಗಾಗಿ ಅರ್ಧ ಎಕರೆ ಮಾತ್ರ ಉಳಿಸಿಕೊಂಡಿದ್ದ.

ಮೊದಲ ಗೆಣಸು ನನ್ನ ಕೈಗೇ ಬಂತು. ಸಿಪ್ಪೆ ಹೆರೆಯುವ ಚಾಕು ಒಂದು ಗಳಿಗೆ ನಿಂತಿತು. ಹೇಳಬಹುದಿತ್ತು. ಆದರೆ ಅಪ್ಪನನ್ನು ಕಳೆದುಕೊಂಡವನ ಮಾತಿಗೆ ಎದುರಾಡುವುದು ನಮ್ಮಲ್ಲಿಲ್ಲ. ಸಾವಿನ ಮನೆಯಲ್ಲಿ ಉಳಿತಾಯದ ಮಾತೆತ್ತಿದವನ ಮುಖಕ್ಕೆ ಊರು ಏಳು ವರ್ಷ ಉಗಿಯುತ್ತದೆ. ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಹೆರೆದೆವು, ಬೇಯಿಸಿದೆವು, ಬಡಿಸಿದೆವು, ತಿಂದೆವು. ರುಚಿಯಾಗಿಯೇ ಇತ್ತು, ಅದು ಇನ್ನೂ ನಾಚಿಕೆ.

ತಿನ್ನದೆ ಕೂತವಳು ಒಬ್ಬಳೇ, ಇಸಿಲೇಲಿಯ ಅಕ್ಕ ಲುಪೆ. ಹೆಣದ ತಲೆಯ ಪಕ್ಕ ಅವಳ ಜಾಗ. ಮುಂದೆ ತಂದಿಟ್ಟ ತಟ್ಟೆಯನ್ನು ನೋಡಿದಳು, ಗುರುತು ಹಿಡಿದಳು, ಅಂಗೈಯಿಂದ ಮೆಲ್ಲಗೆ ಆಚೆ ತಳ್ಳಿದಳು.

ಪೌಲಿಯಾಸಿ ವಾಪಸ್ ಹೋಗಲಿಲ್ಲ. ಅಲ್ಲಿ ಅವನಿಗೆ ಕಾಯುವವರೂ ಇರಲಿಲ್ಲ. ಹೆಂಡತಿ ಇನ್ನೊಬ್ಬನನ್ನು ಕಟ್ಟಿಕೊಂಡು ಆರು ವರ್ಷವಾಗಿತ್ತು. ಅಪ್ಪನ ಎಂಟು ಎಕರೆ ಹಿರಿಮಗನಿಗೆ ಬಂತು. ಮಚ್ಚು ಹಿಡಿದು ಪೊದೆಗೆ ಇಳಿದ. ಮಂಜಿನ ಕೋಣೆ ಅವನ ಬೆರಳ ತುದಿಗಳ ಸ್ಪರ್ಶ ತಿಂದುಹಾಕಿತ್ತು, ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಸಂಜೆ ನನ್ನ ಹೆಂಡತಿ ಫೀಪೆ ಅವನ ಕೈ ಹಿಡಿದು ಮುಳ್ಳು ತೆಗೆಯುವಾಗ ಅವನು ಬೇರೆಯವರ ಕೈ ನೋಡುವಂತೆ ನೋಡುತ್ತಿದ್ದ.

"ನೋವಾಗಲ್ವೇನೋ?" ಎಂದಳು ಅವಳು.

"ಆಗ್ಬೇಕಿತ್ತು" ಎಂದ.

ಮೂರು ತಿಂಗಳಲ್ಲಿ ಎರಡೂವರೆ ಎಕರೆ ಬಯಲಾಯಿತು. ಮರಗೆಣಸು, ಕೆಸು, ಸಿಹಿಗೆಣಸು ಊರಿದ. ದುಡಿಮೆಗೆ ಹೆಸರಿಡುವ ಹಾಗಿಲ್ಲ. ಆದರೆ ನೆಡುವ ಕಾಲ ಬಂದಾಗ ಅಪ್ಪನ ಗುಡಿಸಲಿನ ಬಾಗಿಲು ತೆಗೆದು, ಖಾಲಿ ಅಟ್ಟಣೆಯ ಮುಂದೆ ನಿಂತ. ಆಮೇಲೆ ನನ್ನ ಹೊಲಕ್ಕೆ ಬಂದ.

"ಹೆನೆಲಿ ಅಣ್ಣ, ಅಪ್ಪನ ಕಹೊಕಹೊ ಬಿತ್ತನೆ ಎಲ್ಲಿಡ್ತಿದ್ದ?"

ಆ ಪ್ರಶ್ನೆಗೆ ಮೂರು ತಿಂಗಳಿಂದ ನಾನು ಕಾಯುತ್ತಿದ್ದೆ. ಹೇಳಿದೆ. ಅವನು ಕೇಳಿಸಿಕೊಂಡ. ಕೂಗಾಡಿದ್ದರೆ ನನಗೂ ಹಗುರಾಗುತ್ತಿತ್ತು.

"ನಾನೇ ಬೇಯಿಸ್ದೆ ಅಂತಾಯ್ತು."

"ನನ್ನ ಹತ್ರ ಬೇರೆ ಜಾತೀದು ಇದೆ, ಒಳ್ಳೇದೇ. ತಗೊಂಡು ಹೋಗು ಮಾರಾಯ."

"ಬೇಡ. ಅಪ್ಪಂದು ಇಲ್ದಿದ್ರೆ ಅದು ಅಪ್ಪನ ಹೊಲ ಅಲ್ಲ. ಬರೀ ಜಾಗ. ಒಂದು ಬೆಳೆ ನೋಡ್ತೀನಿ. ಸಿಗ್ಲಿಲ್ಲ ಅಂದ್ರೆ ವಾಪಸ್ ಹೋಗಿ ಮಾಂಸ ನೇತ್ಹಾಕ್ತೀನಿ."

ಸಿಗುವ ಜಾಗ ಒಂದಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಪ್ರತಿ ವರ್ಷ ಇಸಿಲೇಲಿಯ ಮೊದಲ ಅಗೆತದ ಗೆಣಸು ಹೋಗುತ್ತಿದ್ದುದು ಅಕ್ಕ ಲುಪೆಯ ಮನೆಗೆ. ಅವಳು ಅದರಲ್ಲಿ ಒಂದಿಷ್ಟು ಗಂಡನ ಹೊಲದಲ್ಲಿ ನೆಟ್ಟುಕೊಂಡಿದ್ದಳು. ಆದರೆ ಲುಪೆ ಪೌಲಿಯಾಸಿಗೆ ಸೋದರತ್ತೆ. ನಮ್ಮಲ್ಲಿ ಸೋದರತ್ತೆ ಎಂದರೆ ಮನೆತನದ ತಲೆ. ತಮ್ಮನ ಮಕ್ಕಳ ಮನೆಗೆ ಬಂದು ಹಂದಿ, ಚಾಪೆ, ಗೆಣಸು, ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು, ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ತಮ್ಮನ ಮಕ್ಕಳು ಅವಳ ಮುಂದೆ ಕೈ ಚಾಚುವ ಹಾಗಿಲ್ಲ. ಅವಳ ತಟ್ಟೆಯದು ತಿನ್ನಬಾರದು, ಅವಳ ಚಾಪೆಯ ಮೇಲೆ ಕೂರಬಾರದು, ಬೇಕು ಎಂಬ ಮಾತನ್ನು ಅವಳ ಎದುರು ಆಡಲೇಬಾರದು. ಹಸಿದು ಸತ್ತರೂ ಕೇಳುವುದಿಲ್ಲ. ಪೌಲಿಯಾಸಿ ಇಪ್ಪತ್ತಮೂರು ವರ್ಷ ಹೊರಗಿದ್ದು ಬಹಳ ಮರೆತಿದ್ದ, ಇದೊಂದನ್ನು ಮರೆತಿರಲಿಲ್ಲ.

ಪ್ರತಿ ಶನಿವಾರ ತಾನು ಬೆಳೆದದ್ದರಲ್ಲಿ ಒಂದು ಬುಟ್ಟಿ ಅತ್ತೆಯ ಅಂಗಳದಲ್ಲಿ ಇಟ್ಟು, ತಲೆ ತಗ್ಗಿಸಿ ಬರುತ್ತಿದ್ದ. ಬುಟ್ಟಿ ಒಳಗೆ ಹೋಗುತ್ತಿತ್ತು. ಮಾತು ಹೊರಗೆ ಬರುತ್ತಿರಲಿಲ್ಲ. ಅದು ನೋಡಿ ನೋಡಿ ನನಗೆ ರೇಗಿತು. ಒಂದು ಮಧ್ಯಾಹ್ನ ಲುಪೆಯ ಮನೆಗೆ ನಾನೇ ಹೋದೆ. ಚಾಪೆ ಹೆಣೆಯುತ್ತಾ ಕೂತಿದ್ದಳು, ಎಪ್ಪತ್ತಾರು ವರ್ಷದ ದಪ್ಪ ಮುದುಕಿ.

"ಏನೋ ಹೆನೆಲಿ, ದಾರಿ ತಪ್ಪಿ ಬಂದ್ಯಾ?"

"ಲುಪೆಕ್ಕ, ನಿನ್ನ ತಮ್ಮನ ಮಗ ಪೊದೆ ಕಡ್ದೂ ಕಡ್ದೂ ಸತ್ತ. ಈಗ ಖಾಲಿ ನೆಲ ನೋಡ್ಕೊಂಡು ಕೂತಿದಾನೆ."

"ಕೂತ್ಕೊಳ್ಲಿ. ಬೀಜದ ಗೆಣಸು ಬೇಯ್ಸಿ ಊರಿಗೆಲ್ಲಾ ಬಡಿಸಿದ ಶೂರ."

"ಅವನಿಗೆ ಗೊತ್ತಿರ್ಲಿಲ್ಲ."

"ಸಿಪ್ಪೆ ಹೆರೆದೋನಿಗೆ ಗೊತ್ತಿತ್ತಲ್ಲ?"

ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಬಿಡಲಿಲ್ಲ. "ನಿನ್ನ ಹತ್ರ ಇದೆಯಲ್ಲಕ್ಕ. ನಾಲ್ಕು ಕೊಟ್ರೆ ಗಂಟೇನು ಹೋಗುತ್ತೆ?"

ಹೆಣೆಯುವುದನ್ನು ನಿಲ್ಲಿಸಿದಳು. "ಕೇಳ್ತಿರೋದು ನೀನಾ, ಅವನಾ?"

"ನಾನೇ. ಅವನು ಕಳಿಸ್ಲಿಲ್ಲ."

"ಬದುಕ್ದೆ. ಅವನು ಕಳ್ಸಿದ್ರೆ ಈ ಕೋಲಲ್ಲಿ ಬಾರಿಸ್ತಿದ್ದೆ. ಅತ್ತೆ ಕೈ ಎತ್ತಿ ಕೊಟ್ರೆ ಊರು ಏನನ್ನುತ್ತೆ ಗೊತ್ತಾ? ಇಸಿಲೇಲಿ ಭಿಕ್ಷುಕನ್ನ ಹೆತ್ತು ಸತ್ತ ಅನ್ನುತ್ತೆ. ನನ್ನ ತಮ್ಮನಿಗೆ ಆ ಮಾತು ನಾನು ತರಲ್ಲ. ಎದ್ದು ಹೋಗು."

ಎದ್ದು ಬಂದೆ. ಮನೆಗೆ ಬಂದು ಫೀಪೆಯ ಮುಂದೆ ಮುದುಕಿಯನ್ನು ಚೆನ್ನಾಗಿ ಬೈದೆ. ಫೀಪೆ, "ನಿಂಗ್ಯಾಕೆ ಊರ ಉಸಾಬರಿ? ಚಾಕು ಕೈಲಿದ್ದಾಗ ಬಾಯಿ ಬರ್ಲಿಲ್ಲ, ಈಗ ಬಂತಾ?" ಎಂದಳು. ಹೆಂಡತಿಯರಿಗೆ ಹುಣ್ಣು ಎಲ್ಲಿದೆ ಎಂಬುದು ಸರಿಯಾಗಿ ಗೊತ್ತಿರುತ್ತದೆ.

ಮೂರು ದಿನ ಕಳೆದು ಲುಪೆಯ ಕುದುರೆಗಾಡಿ ಪೌಲಿಯಾಸಿಯ ಹೊಲದ ಮುಂದೆ ನಿಂತಿತು. ಗಾಡಿಯ ತುಂಬ ಗೋಣಿಚೀಲ. ಅವಳು ಇಳಿದು, ಊರುಗೋಲಿನಿಂದ ನೆಲ ಕುಟ್ಟುತ್ತಾ, ಕಡಿದು ಹಸನಾದ ಜಾಗವನ್ನೆಲ್ಲ ಸುತ್ತಿದಳು.

"ಏಯ್ ಪೌಲಿಯಾಸಿ. ಈ ತೆಂಗಿನ ಸಾಲಿನ ಪಕ್ಕ ನನಗೆ ಎಂಟು ಸಾಲು ಜಾಗ ಬೇಕು. ನನ್ನ ಹೊಲದ ಮಣ್ಣು ಸುಸ್ತಾಗಿದೆ."

ಅವನು ಊರಿದ್ದ ಸಿಹಿಗೆಣಸು ಅಲ್ಲಿತ್ತು. ಇಡೀ ಹೊಲದಲ್ಲಿ ಒಳ್ಳೆಯ ಮಣ್ಣು ಅದೇ.

"ಆಯ್ತು ಅತ್ತೆ" ಎಂದ.

"ಆಯ್ತು ಅಂದ್ರೆ ಗುಂಡಿ ತೋಡು. ಸೊಂಟದಷ್ಟು ಆಳ. ನಿಂತ್ಕೊಂಡು ನನ್ನ ಮುಖ ಏನ್ ನೋಡ್ತೀಯ?"

ಅವನು ಸಿಹಿಗೆಣಸು ಕಿತ್ತು ಗುಂಡಿ ತೋಡಿದ. ಅವಳು ಚೀಲ ಬಿಚ್ಚಿಸಿ ತನ್ನ ಬಿತ್ತನೆ ಕಹೊಕಹೊ ಇಳಿಸಿದಳು. ಮರದ ಬುಡದಲ್ಲಿ ಕೂತು ಕೂಗಿದಳು, ಅವನು ನೆಟ್ಟ. ಆ ವಾರ, ಗಂಡಸರು ಸಂಜೆ ಕೂತು ಬೇರಿನ ಕಷಾಯ ಕಾವಾ ಕುಡಿಯುವ ಕಟ್ಟೆಯಲ್ಲಿ ಬೇರೆ ಮಾತೇ ಇಲ್ಲ. "ಮುದುಕಿ ಗೆಣಸು ತಿಂದು ಸಾಲ್ದೆ ನೆಲಕ್ಕೇ ಬಾಯಿ ಹಾಕಿದ್ಲು" ಎಂದರು. "ಬೇಲಿ ಎದ್ದು ಹೊಲ ಮೇಯ್ದಂಗಾಯ್ತು" ಎಂದು ನಾನೇ ಹೇಳಿ ನಗಿಸಿದೆ. ಪೌಲಿಯಾಸಿ ಅಲ್ಲೇ ಕೂತಿದ್ದ, ಕಾವಾದ ತೆಂಗಿನ ಚಿಪ್ಪು ಖಾಲಿ ಮಾಡಿ ಮುಂದಕ್ಕೆ ದಾಟಿಸಿದ.

ಏಳು ತಿಂಗಳು ಅವನು ಆ ಎಂಟು ಸಾಲಿನ ಆಳಾಗಿ ದುಡಿದ. ಕಳೆ ಕಿತ್ತ, ಬಳ್ಳಿಗೆ ಆಸರೆ ಕೊಟ್ಟ. ತನ್ನ ಅಪ್ಪನ ಗೆಣಸು ತನ್ನ ಹೊಲದಲ್ಲೇ ಬೆಳೆಯುತ್ತಿತ್ತು, ಅದರಲ್ಲಿ ಒಂದು ಎಲೆಯೂ ತನ್ನದಲ್ಲ. ಅಂಥ ಸ್ಥಿತಿಯಲ್ಲಿ ನಾನಾಗಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಜನವರಿಯಲ್ಲಿ ಲುಪೆಯ ಮೊಮ್ಮಗಳ ಮದುವೆ ಬಂತು. ಬಳ್ಳಿ ಇನ್ನೂ ಹಸಿರಾಗಿದ್ದಾಗಲೇ ಮುದುಕಿ ಅಗೆಸಲು ಬಂದಳು. ನಾನೂ ಕೈಹಾಕಲು ಹೋಗಿದ್ದೆ.

"ಪಕ್ಕದಿಂದ ಅಗಿ, ಮೇಲಿಂದಲ್ಲ! ಬೇರಿನ ಕುತ್ತಿಗೆ ಮುಟ್ಬೇಡ. ಗೆಣಸು ಕೊಯ್ದು ತೆಗಿ, ಬಳ್ಳಿ ಅಲ್ಲಾಡ್ಬಾರ್ದು. ಮಣ್ಣು ವಾಪಸ್ ತುಂಬು. ತುಂಬೋ, ಅಲ್ಲಿ ಇನ್ನೂ ತೂತಿದೆ!"

ಬೆಳಗಿನಿಂದ ಮಧ್ಯಾಹ್ನದವರೆಗೆ ಹೀಗೆಯೇ ಅವನ ಜೀವ ತಿಂದಳು. ಎಂಟು ಸಾಲಿನ ಗೆಣಸೂ ಗಾಡಿ ಸೇರಿತು, ಒಂದೂ ಬಿಡಲಿಲ್ಲ. ಹತ್ತುವಾಗ ತಿರುಗಿ, "ನಂದು ನಾನು ತಗೊಂಡೆ. ಉಳಿದಿದ್ದು ನೆಲದ್ದು" ಎಂದಳು.

ಆಗ ನನಗೆ ಹೊಳೆಯಿತು. ಊರಿನವರೆಲ್ಲ ಬಳ್ಳಿ ಒಣಗಿದ ಮೇಲೆ ಒಮ್ಮೆ ಅಗೆದು, ಬಳ್ಳಿ ಸುಟ್ಟು ಮುಗಿಸುವವರು. ಇಸಿಲೇಲಿಯ ಮನೆಯವರು ಮಾತ್ರ ಎಳೆಯದರಲ್ಲೇ ಮೊದಲ ಅಗೆತ ಮಾಡಿ, ಬೇರಿಗೆ ಮಣ್ಣು ಮುಚ್ಚಿ ಬಿಡುತ್ತಿದ್ದರು. ನಾಲ್ಕು ತಿಂಗಳಲ್ಲಿ ಅದೇ ಬಳ್ಳಿಯ ಬುಡದಲ್ಲಿ ಮುಷ್ಟಿಯಷ್ಟು ಗಾತ್ರದ ಮರಿಗೆಣಸು ಕಟ್ಟುತ್ತದೆ. ತಿನ್ನಲು ಬಾರದು, ಬಿತ್ತನೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಮುದುಕಿ ತನ್ನ ಹಕ್ಕಿನಿಂದ ಬಂದು ಹಕ್ಕಿನಿಂದಲೇ ಕಿತ್ತುಕೊಂಡು ಹೋಗುವ ನೆಪದಲ್ಲಿ, ಎಂಟು ಸಾಲು ಬೀಜ ಅವನ ನೆಲದಲ್ಲಿ ಬಿಟ್ಟು ಹೋಗಿದ್ದಳು. ಕೊಟ್ಟಹಾಗೂ ಆಗಲಿಲ್ಲ, ಅವನು ಕೇಳಿದಹಾಗೂ ಆಗಲಿಲ್ಲ. ಕಾವಾ ಕಟ್ಟೆಯಲ್ಲಿ ನಾನು ಆಡಿದ ಮಾತು ನೆನಪಾಗಿ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಪೌಲಿಯಾಸಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇಸಿಲೇಲಿಯ ಮಗನಿಗೆ ಇಸಿಲೇಲಿಯ ಪದ್ಧತಿ ನಾನು ಹೇಳಿಕೊಡುವುದೇ ಎಂದುಕೊಂಡೆ. ಅವನು ಹದಿಮೂರಕ್ಕೇ ದೊಡ್ಡ ದ್ವೀಪದ ಶಾಲೆಗೆ ಹೋದವನು, ಜನವರಿ ಅಗೆತಕ್ಕೆ ಕೈಹಾಕುವ ವಯಸ್ಸಿನಲ್ಲಿ ಊರಲ್ಲೇ ಇರಲಿಲ್ಲ ಎಂಬುದು ನನ್ನ ದಪ್ಪ ತಲೆಗೆ ಹೋಗಲಿಲ್ಲ. ಇದು ಎರಡನೆಯದು.

ಮದುವೆ ಕಳೆದ ಸೋಮವಾರ ಹೊಲದ ಕಡೆಯಿಂದ ಹೊಗೆ ಕಂಡಿತು. ದಟ್ಟ ಬಿಳಿ ಹೊಗೆ, ಹಸಿ ಸೊಪ್ಪು ಸುಡುವ ಹೊಗೆ. ನನ್ನ ಅರವತ್ತೆರಡು ವರ್ಷದ ಕಾಲಿಗೆ ಅಷ್ಟು ವೇಗ ಇದೆ ಎಂದು ನನಗೇ ಗೊತ್ತಿರಲಿಲ್ಲ.

"ನಿಲ್ಸೋ! ನಿಲ್ಸೋ ಪೌಲಿಯಾಸಿ!"

ಅವನು ಆರು ಸಾಲು ಬೇರುಸಹಿತ ಕಿತ್ತು ಬೆಂಕಿಗೆ ಹಾಕಿ ಮುಗಿಸಿದ್ದ. ಏಳನೆಯದರ ಮೊದಲ ಬಳ್ಳಿ ಕೈಯಲ್ಲಿತ್ತು.

"ಬಿತ್ತನೆ ಸಿಗ್ಲಿಲ್ಲ, ಶನಿವಾರದ ದೋಣಿಗೆ ವಾಪಸ್ ಹೋಗ್ತಿದೀನಿ ಅಣ್ಣ. ಅಪ್ಪನ ಹೊಲ ಗಲೀಜು ಬಿಟ್ಟು ಹೋಗ್ಬಾರ್ದು ಅಂತ."

ನಾನು ಏದುಸಿರು ಬಿಡುತ್ತಾ ಹೇಳಿದೆ. ಬಳ್ಳಿಯ ವಿಷಯ, ಮರಿಗೆಣಸಿನ ವಿಷಯ, ಅತ್ತೆ ಯಾಕೆ ಕುತ್ತಿಗೆ ಮುಟ್ಟಬೇಡ ಎಂದಿದ್ದಳು ಎಂಬುದು. ಅವನು ಕೈಯಲ್ಲಿದ್ದ ಬಳ್ಳಿಯನ್ನು ಮೆಲ್ಲಗೆ ನೆಲಕ್ಕೆ ಇಟ್ಟ. ಮುಖ ಹಾಗೆಯೇ ಇತ್ತು, ಅಪ್ಪನ ಹಣೆಗೆ ಮುತ್ತಿಟ್ಟ ಆ ದಿನದ ಮುಖ. ಅದನ್ನು ಕಂಡು ನನಗೆ ಸಿಟ್ಟು ಬಂತು, ನನ್ನ ಮೇಲಿನದನ್ನೂ ಸೇರಿಸಿ ಅವನ ಮೇಲೆ ಹಾಕಿದೆ.

"ಒಂದು ಮಾತು ಕೇಳ್ಬಾರ್ದಾಗಿತ್ತೇನೋ?"

"ಯಾರನ್ನ ಕೇಳ್ಬೇಕಿತ್ತು ಅಣ್ಣ?"

ಇಬ್ಬರೂ ನಿಂತು ಬೆಂಕಿ ನೋಡಿದೆವು. ಮಿಂಚಿಹೋದ ಕೆಲಸ. ಬಹಳ ಹೊತ್ತಾದ ಮೇಲೆ ಅವನು ಬೆಂಕಿಗೆ ಮಣ್ಣು ಹಾಕಿ ಆರಿಸಿದ, ಹಿರಿಯರ ಮುಂದೆ ಹೋಗುವಾಗಿನ ಮರ್ಯಾದೆಯಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡ, ಅತ್ತೆಯ ಮನೆಯ ದಾರಿ ಹಿಡಿದ. ನಾನು ಹಿಂದೆ ಹೋದೆ.

ಲುಪೆ ಜಗಲಿಯಲ್ಲಿ ಕೂತಿದ್ದಳು. ಒಳಗೆ ಹೆಣ್ಣುಮಕ್ಕಳು ಮದುವೆಯ ಬಟ್ಟೆ ಮಡಿಸುತ್ತಿದ್ದರು. ಪೌಲಿಯಾಸಿ ಅಂಗಳದ ಮಣ್ಣಿನಲ್ಲಿ ಕಾಲು ಮಡಿಚಿ, ತಲೆ ತಗ್ಗಿಸಿ ಕೂತ.

"ಅತ್ತೆ, ಬಳ್ಳಿ ಸುಟ್ಟೆ."

"ಹೊಗೆ ನೋಡ್ದೆ."

"ಆರು ಸಾಲು. ನಂಗೆ ಗೊತ್ತಿರ್ಲಿಲ್ಲ."

ಮುದುಕಿ ಬೀಸಣಿಗೆ ಕೆಳಗಿಟ್ಟಳು. "ಗೊತ್ತಿರ್ಲಿಲ್ವಾ? ನಾನು ಬಿಟ್ಟಿದ್ದು ನಿಂಗೆ ಬೇಡ ಅಂತ ಸುಡ್ತಿದೀಯ ಅನ್ಕೊಂಡೆ. ತಗೋಳೋಕೆ ಮನಸ್ಸಿಲ್ಲ, ನನ್ನ ಮುಖಕ್ಕೇ ಹೊಗೆ ಬಿಡ್ತಿದಾನೆ ಅನ್ಕೊಂಡೆ. ಇಲ್ಲಿಂದ ಕೂಗಿದ್ರೂ ಕೇಳ್ತಿತ್ತು. ಕೂಗ್ಲಿಲ್ಲ."

ಆಗ ಅವನು ತಲೆ ಎತ್ತಿ ಅವಳ ಮುಖವನ್ನೇ ನೋಡಿದ. ನಮ್ಮಲ್ಲಿ ಯಾವ ಸೋದರಳಿಯನೂ ಮಾಡದ ಕೆಲಸ ಮಾಡಿದ.

"ಅತ್ತೆ, ನಂಗೆ ಬೇಕು. ನಿನ್ನ ಹತ್ರ ಇನ್ನೂ ಇದ್ರೆ ಕೊಡು."

ಒಳಗೆ ಬಟ್ಟೆ ಮಡಿಸುವ ಸದ್ದು ನಿಂತಿತು. ನಾನು ನೆಲ ನೋಡಿದೆ. ಕೋಲು ಈಗ ಬೀಳುತ್ತದೆ, ಆಗ ಬೀಳುತ್ತದೆ ಎಂದು ಕಾದೆ.

"ಇಲ್ಲ ಕಣೋ" ಎಂದಳು. "ಇದ್ದದ್ದೆಲ್ಲಾ ನಿನ್ನ ಹೊಲದಲ್ಲೇ ನೆಟ್ಟಿದ್ದೆ. ನನ್ನ ಹೊಲದಲ್ಲಿ ಈ ವರ್ಷ ಒಂದೂ ಇಲ್ಲ. ಗೆಣಸೆಲ್ಲಾ ಮದುವೇಲಿ ಬೆಂದುಹೋಯ್ತು."

ಆಮೇಲೆ ಅವನು ಮತ್ತೆ ಕೇಳಿದ. ಒಮ್ಮೆ ಗಡಿ ದಾಟಿದವನಿಗೆ ಎರಡನೆಯ ಹೆಜ್ಜೆ ಸುಲಭವಿರಬೇಕು.

"ಎರಡು ಸಾಲು ಉಳಿದಿದೆ. ಅದನ್ನ ಯಾವಾಗ ಅಗೀಬೇಕು?"

"ಮೇ ತಿಂಗಳು. ಎಲೆ ಪೂರ್ತಿ ಹಳದಿಯಾದ್ಮೇಲೆ."

"ನೀರು?"

"ಮಳೆ ಬರ್ದಿದ್ರೆ ಹಾಕು. ಬುಡಕ್ಕೆ ಒಣಸೊಪ್ಪು ಮುಚ್ಚು."

"ಎಷ್ಟು ಸಿಗುತ್ತೆ?"

"ಬಳ್ಳಿಗೆ ಒಂದೋ ಎರಡೋ. ಮೊದಲಿನಷ್ಟಾಗೋಕೆ ಐದು ವರ್ಷ ಬೇಕು."

"ಐದು ವರ್ಷ" ಎಂದ ಅವನು. ಹೊರಡುತ್ತಾನೆ ಎಂದು ನಾನು ಎದ್ದು ನಿಂತೆ. ಅವನು ಏಳಲಿಲ್ಲ.

"ಅತ್ತೆ, ಸಾಯೋವಾಗ ಅಪ್ಪ ನನ್ನ ಕೇಳಿದ್ನಾ?"

ಲುಪೆ ಅವನನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಅವನು ಕೇಳಿ ಪಡೆದ ಮೊದಲ ವಸ್ತು ಅದು, ಕಲಬೆರಕೆ ಮಾಡಲು ಅವಳಿಗೆ ಮನಸ್ಸಾಗಲಿಲ್ಲ ಎಂದು ಕಾಣುತ್ತದೆ.

"ಇಲ್ಲ ಮಗಾ. ಬಿತ್ತನೆಗೆಣಸು ಒಣ ಜಾಗದಲ್ಲಿ ಇಟ್ಟಿದೀರಾ ಅಂತ ಕೇಳ್ದ. ಇಟ್ಟಿದೀವಿ ಅಂದೆ. ಅವನು ಬಂದ್ರೆ ಬೇಕಾಗುತ್ತೆ ಅಂದ. ಹೆಸರು ಹೇಳ್ಲಿಲ್ಲ."

ಪೌಲಿಯಾಸಿ ಎರಡೂ ಕೈ ಮಣ್ಣಿಗೆ ಊರಿ ಎದ್ದ. ನಾವು ಬಂದ ದಾರಿಯಲ್ಲೇ ಹೊಲಕ್ಕೆ ನಡೆದೆವು. ಮಳೆ ಬಂದು ಎಂಟು ದಿನವಾಗಿತ್ತು. ಅವನು ನನ್ನ ಬಾವಿಯಿಂದ ಎರಡು ಕೊಡ ತುಂಬಿಕೊಂಡು ಏಳನೆಯ ಸಾಲಿನಿಂದ ನೀರು ಹಾಕಲು ಶುರು ಮಾಡಿದ.